ಬೀಗ ಹಾಕಿದ ಫೋಲ್ಡರ್

ತಂಗಿ ಮತ್ತೆ ಸೇವ್ ಒತ್ತಿ ಮತ್ತೆ ಬ್ರೌಸರ್ ನೋಡಿದಳು. ಅದೇ ಹಳೆಯ ಸಾಲು: ಹಲ್ಲಿನ ಡಾಕ್ಟರು ಭಾನುವಾರವೂ ಸಿಗುತ್ತಾರೆ. ಸಿಗುವುದಿಲ್ಲ ಎಂದು ಬೆಳಿಗ್ಗೆಯಿಂದ ತಿದ್ದಿ ತಿದ್ದಿ ಅವಳ ಬೆರಳು ಸವೆದಿತ್ತು. ಸಾಲಿನ ಪಕ್ಕದ ಫೋಟೊ ಮಾತ್ರ ಹೊಸದು. ಈಗಷ್ಟೇ ಹಾಕಿದ್ದು, ಡಾಕ್ಟರು ಹಲ್ಲು ಬಿಟ್ಟು ನಗುತ್ತಿದ್ದರು. ಹಾಕಿದವನು ಎದುರಿನ ಮೇಜಿನಲ್ಲೇ ಕೂತಿದ್ದ, ಅತ್ತಿಗೆಯ ತಮ್ಮ.

ವೆಬ್‌ಸೈಟ್ ಮಾಡಿಕೊಡುವ ಅಣ್ಣನ ಆ ಅಂಗಡಿಯಲ್ಲಿ ಇದ್ದದ್ದೇ ಮೂವರು. ಬರವಣಿಗೆ ತಂಗಿಯದು, ಚಿತ್ರಗಳು ಅತ್ತಿಗೆಯ ತಮ್ಮನವು, ಗಿರಾಕಿ ಹಿಡಿದು ತರುವುದು ಅಣ್ಣನ ಪಾಲಿಗೆ. ಊರಿಗೆಲ್ಲ ಕಾಣುವ ಮೊದಲು ಪುಟವನ್ನು ಮೂಲೆಯ ಕಂಪ್ಯೂಟರಿನ ಸರ್ವರ್‌ನಲ್ಲಿ ಹಾಕಿ, ತಾವೇ ನೋಡಿ, ತಪ್ಪು ತಿದ್ದುವುದು ಅಲ್ಲಿನ ಪದ್ಧತಿ. ಸಂಜೆ ಡಾಕ್ಟರು ಸ್ವತಃ ನೋಡಲು ಬರುವವರಿದ್ದರು. ಇನ್ನೂ ಭಾನುವಾರ ಹಾಗೇ ಇದ್ದರೆ ಕೆಲಸ ಬೇರೆಯವರಿಗೆ ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದರು.

ಹೋದ ತಿಂಗಳು ಈ ಹುಡುಗ ನೋಡದೆ ಅವಳ ಪುಟದ ಮೇಲೆ ತನ್ನ ಹಳೆಯ ಪ್ರತಿಯನ್ನು ಸೇವ್ ಮಾಡಿ ಎರಡು ದಿನದ ಕೆಲಸ ಅಳಿಸಿಹಾಕಿದ್ದ. ತಪ್ಪಾಯಿತು ಎಂದಿದ್ದ. ಅವಳೂ ಆಗಲಿ ಬಿಡು ಎಂದಿದ್ದಳು, ಆದರೆ ಅನುಮಾನಂ ಪೆದ್ದರೋಗಂ ಅನ್ನುತ್ತಾರಲ್ಲ, ಒಮ್ಮೆ ಅಂಟಿದರೆ ಬಿಡುವ ಜಾತಿಯದಲ್ಲ. ಮೊನ್ನೆ ಡಾಕ್ಟರ ಪುಟಗಳನ್ನೆಲ್ಲ ಗುಟ್ಟಾಗಿ ಬೇರೊಂದು ಫೋಲ್ಡರಿಗೆ ನಕಲು ಮಾಡಿಕೊಂಡು, ಪಾಸ್‌ವರ್ಡ್ ಹಾಕಿ, ಅಲ್ಲೇ ಕೆಲಸ ಶುರುಮಾಡಿದ್ದಳು. ಬೀಗ ಹಾಕಿದ ಮೇಲೂ ನುಗ್ಗುತ್ತಾನೆಂದರೆ ಇವನೆಂಥ ಕಿಲಾಡಿ ಇರಬೇಕು!

“ನಾನು ಬರೆದಿದ್ದು ಯಾಕೆ ಕಾಣ್ತಿಲ್ಲ?” ಎಂದು ಅವನನ್ನೇ ಕೇಳಿದಳು.

“ಗೊತ್ತಿಲ್ಲ ಅಕ್ಕಾ. ನಂದೆಲ್ಲ ಸರಿಯಾಗೇ ಕಾಣ್ತಿದೆ.”

ಇಷ್ಟು ಸಾಕಾಯಿತು. ನೋಡೋಣವೆಂದು ಅವನು ಎದ್ದು ಬಂದರೆ ಅವಳು ಪರದೆಗೆ ಅಡ್ಡ ನಿಂತಳು. ಅವನು ಪೆಚ್ಚಾಗಿ ಹಿಂದಕ್ಕೆ ಹೋಗಿ ಕೂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಎಂದುಕೊಂಡಳು ತಂಗಿ.

ಊಟದ ಹೊತ್ತಿಗೆ ಬಂದ ಅಣ್ಣನನ್ನು ಹೊರಗೆ ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಎಲ್ಲ ಹೇಳಿದಳು. ಇವನಿರುವ ತನಕ ತಾನು ಇಲ್ಲಿ ಕೂರುವುದಿಲ್ಲ ಎಂದೂ ಸೇರಿಸಿದಳು. ಇತ್ತ ಒಡಹುಟ್ಟಿದವಳು, ಅತ್ತ ಕಟ್ಟಿಕೊಂಡವಳ ತಮ್ಮ, ಅಣ್ಣ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಕೊನೆಗೆ ಒಳಗೆ ಹೋದ.

“ಇವಳ ಕೆಲಸಕ್ಕೆ ಕೈ ಹಾಕಿದ್ಯಾ?”

“ಇಲ್ಲ ಭಾವ. ನಾನು ಮುಟ್ಟೇ ಇಲ್ಲ.”

“ಸರಿ, ನಾಳೆಯಿಂದ ಬರಬೇಡ. ನಿಮ್ಮಕ್ಕನಿಗೆ ನಾನೇ ಹೇಳ್ಕೋತೀನಿ.”

ಅಕ್ಕನ ಮನೆಯಲ್ಲಿ ಉಣ್ಣುವವನು ಭಾವನೆದುರು ಏನೆಂದು ವಾದಿಸಿಯಾನು. ಹುಡುಗ ಚೀಲ ಹೆಗಲಿಗೇರಿಸಿಕೊಂಡ. ಬಾಗಿಲಲ್ಲಿ ನಿಂತು, ಡಾಕ್ಟರ ಫೋಟೊ ಕೊಂಚ ಕಪ್ಪಾಗಿದೆ, ಬೆಳಕು ಜಾಸ್ತಿ ಮಾಡಿ ಎಂದಷ್ಟೇ ಹೇಳಿ ಹೋದ. ಡಾಕ್ಟರನ್ನು ಕರೆತರಲು ಅಣ್ಣನೂ ಹೊರಟ.

ಅವಳು ನಿರಾಳವಾಗಿ ಕೂತು ಸಾಲು ತಿದ್ದಿ ಸೇವ್ ಒತ್ತಿದಳು. ಡಾಕ್ಟರು ಭಾನುವಾರವೂ ಸಿಗುತ್ತಿದ್ದರು.

ಕೋಣೆಯಲ್ಲಿ ಅವಳ ಹೊರತು ಇನ್ನೊಂದು ನರಪಿಳ್ಳೆಯಿಲ್ಲ. ಏನಾದರಾಗಲಿ ಎಂದು ತನ್ನ ಫೋಲ್ಡರಿನಿಂದ ಆ ಪುಟವನ್ನೇ ತೆಗೆದು ಬೇರೆ ಕಡೆ ಇಟ್ಟು ನೋಡಿದಳು. ಪುಟ ಇಲ್ಲವೆಂದು ಬರಬೇಕಿತ್ತು, ಆದರೆ ಡಾಕ್ಟರು ನಗುತ್ತಲೇ ಇದ್ದರು. ಹಾಗಾದರೆ ಸರ್ವರ್ ತನ್ನ ಫೋಲ್ಡರನ್ನು ನೋಡುತ್ತಲೇ ಇಲ್ಲ! ಸರ್ವರ್‌ನ ಸೆಟ್ಟಿಂಗ್ ತೆರೆದಳು. ಪುಟಗಳನ್ನು ಯಾವ ಫೋಲ್ಡರಿನಿಂದ ತರಬೇಕೆಂದು ಹೇಳುವ ಸಾಲಿನಲ್ಲಿ ಹಳೆಯ ಫೋಲ್ಡರಿನ ದಾರಿಯೇ ಇತ್ತು. ಹುಡುಗ ಪಾಪ ಎಂದಿನಂತೆ ಅಲ್ಲೇ ಕೆಲಸ ಮಾಡಿದ್ದ, ಅವನದು ಕಂಡಿತ್ತು. ಮನೆ ಬದಲಾಯಿಸಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಸರ್ವರ್‌ಗೂ ಹೇಳಿರಲಿಲ್ಲ.

ನಾಚಿಕೆಯಿಂದ ಅವಳಿಗೆ ಮುಖ ಮುಚ್ಚಿಕೊಳ್ಳುವಂತಾಯಿತು. ಪಾಸ್‌ವರ್ಡ್ ತೆಗೆದಳು, ಪುಟವನ್ನು ವಾಪಸ್ ಇಟ್ಟಳು, ಆ ಸಾಲಿನಲ್ಲಿ ತನ್ನ ಫೋಲ್ಡರಿನ ದಾರಿ ಬರೆದು ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡಿದಳು. ಭಾನುವಾರದ ರಜೆ ಬಂತು, ಫೋಟೊ ಹೋಯಿತು. ಹಳೆಯ ಫೋಲ್ಡರಿನಲ್ಲಿ ಉಳಿದಿದ್ದ ಅವನ ಚಿತ್ರಗಳನ್ನು ಒಂದೊಂದಾಗಿ ತರುತ್ತ, ಸ್ಪೀಕರ್ ಹಾಕಿ ಅವನಿಗೆ ಫೋನ್ ಮಾಡಿದಳು. ತಪ್ಪು ನಂದೇ ಕಣೋ, ವಾಪಸ್ ಬಾ. ಹೇಳಬೇಕಾದ್ದು ಇಷ್ಟೇ. ಫೋನ್ ರಿಂಗಾಗುತ್ತಿತ್ತು.

ಅಷ್ಟರಲ್ಲಿ ಅಣ್ಣ ಬಂದ. ಅವಳು ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಡಾಕ್ಟರು ಕೆಳಗೆ ಕಾರು ನಿಲ್ಲಿಸುತ್ತಿದ್ದಾರೆ ಎನ್ನುತ್ತ ಅಣ್ಣ ಬಗ್ಗಿ ಪರದೆ ನೋಡಿದ. ಅವನ ಮುಖ ಅರಳಿತು.

“ನೋಡ್ದಾ, ಅವನು ಹೋಗಿದ್ದೇ ತಡ, ಎಲ್ಲ ಸರಿಹೋಯ್ತು. ನಾನೇ ತಪ್ಪು ಮಾಡ್ಬಿಟ್ನೇನೋ ಅಂತ ದಾರಿಯುದ್ದಕ್ಕೂ ಒದ್ದಾಡ್ತಿದ್ದೆ. ಏನು ಮಾಡ್ದೆ?”

ತಂಗಿ ಬಾಯಿ ತೆರೆದಳು. ಅಣ್ಣನ ಕಣ್ಣಿನಲ್ಲಿದ್ದ ಮೆಚ್ಚುಗೆ ನೋಡಿದಳು.

“ಪಾಸ್‌ವರ್ಡ್ ಬದಲಾಯಿಸ್ದೆ ಅಣ್ಣ. ಇನ್ನು ಅವನು ನುಗ್ಗೋಕಾಗಲ್ಲ.”

ಮಗುಚಿಟ್ಟ ಫೋನಿನಿಂದ ದನಿ ಬಂತು: “ಯಾವ ಪಾಸ್‌ವರ್ಡ್ ಅಕ್ಕಾ?”