ಅಪ್ಪನಿಗೆ ಹೇಳು

“ಆ ಕಾನೂನನ್ನ ಬದಲಾಯಿಸಬೇಡಿ ಸರ್,” ಎಂದ ಕಂಡಕ್ಟರ್, ಸಂಸದರ ಮೇಜಿನ ಮುಂದೆ ಕೂತು.

ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ, ಗಂಡ ಬಾಯಿತಪ್ಪಿ ಹೇಳಿದನೆಂದೇ ತಿಳಿದು ಮೊಣಕೈಯಿಂದ ಮೆಲ್ಲಗೆ ತಿವಿದಳು. ದಾರಿಯುದ್ದಕ್ಕೂ ಅವನಿಗೆ ಹೇಳಿಕೊಟ್ಟುಕೊಂಡೇ ಬಂದಿದ್ದಳು. ಗಾಂಜಾದ ಸಣ್ಣ ಪೊಟ್ಟಣ ಇಟ್ಟುಕೊಂಡವರಿಗೆ ಜೈಲು ಬೇಡ ಎನ್ನುವ ಮಸೂದೆ ಬರುತ್ತಿದೆಯಂತೆ, ಅದರ ಪರವಾಗಿ ಕೈಯೆತ್ತಿ ಸರ್, ಅದು ಪಾಸಾದರೆ ನಮ್ಮ ಮಗ ಮನೆಗೆ ಬರುತ್ತಾನೆ. ಹೇಳಬೇಕಾಗಿದ್ದದ್ದು ಇಷ್ಟೇ. ಅವಳೇ ಹೇಳಬಹುದಿತ್ತು, ಆದರೆ ದೊಡ್ಡವರ ಮುಂದೆ ನಿಂತರೆ ಅವಳ ನಾಲಗೆ ಒಣಗಿಹೋಗುತ್ತದೆ. ಇವನದೋ, ಕಿಕ್ಕಿರಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರನ ಕಿವಿ ಮುಟ್ಟುವ ಗಂಟಲು. ಮಗ ಒಳಗೆ ಹೋದ ಮೇಲೆ ಮನೆಯಲ್ಲಿ ಆ ಗಂಟಲು ಊಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ತೆರೆದಿರಲಿಲ್ಲ. ಆದರೂ ಇವತ್ತು ಅದು ಬೇಕೆಂದು ಹಟ ಹಿಡಿದು ಕರೆದುಕೊಂಡು ಬಂದಿದ್ದಳು.

ಸಂಸದರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬೆಳಗಿನಿಂದ ಜನರ ಅಹವಾಲು ಕೇಳಿ ಕೇಳಿ ಅವರ ಮುಖ ಬಾಡಿತ್ತು. “ಬದಲಾಯಿಸಿ ಅಂತ ಕೇಳೋಕೆ ಬಂದಿದೀರಿ ಅಂದ್ರಲ್ಲ ನಮ್ಮ ಸಹಾಯಕರು?”

“ಹಾಗೆ ಕೇಳೋಕೆ ಬಂದಿರೋದು ಇವಳು. ನಾನು ಬೇಡ ಅನ್ನೋಕೆ ಬಂದೆ.”

“ರೀ, ಏನ್ ಮಾತಾಡ್ತಿದೀರಿ? ಒಳಗಿರೋನು ನಿಮ್ಮ ಮಗ.”

ಅವನು ಹೆಂಡತಿಯ ಕಡೆ ನೋಡಲಿಲ್ಲ. ಮೇಜಿನ ಅಂಚನ್ನೇ ನೋಡುತ್ತ ಹೇಳಿದ. “ಒಗೆಯೋಕೆ ಬಟ್ಟೆ ತೆಗೀವಾಗ ಅವನ ಜೇಬಲ್ಲಿ ಪೊಟ್ಟಣ ಸಿಕ್ತು ಸರ್. ಬೈದೆ, ಹೊಡೆದೆ, ಅವನು ಬಿಡಲಿಲ್ಲ. ನನ್ನ ಬಸ್ಸಲ್ಲಿ ದಿನಾ ಓಡಾಡೋ ಪೊಲೀಸಿನವರೊಬ್ಬರು ಇದ್ರು. ಅವರ ಕಿವೀಲಿ ಹಾಕಿದೆ. ಎರಡೇಟು ಕೊಟ್ಟು, ಒಂದು ರಾತ್ರಿ ಕೂರಿಸಿ, ಬುದ್ಧಿ ಹೇಳಿ ಕಳಿಸ್ತಾರೆ ಅಂದ್ಕೊಂಡಿದ್ದೆ. ಅವರು ಕೇಸೇ ಹಾಕಿಬಿಟ್ರು.”

ಹೆಂಡತಿಗೆ ಮೊದಲು ನೆನಪಾದದ್ದು ಮಗನಲ್ಲ, ಮಹಡಿಯ ಮನೆಯವಳು. ಪೊಲೀಸರಿಗೆ ಚಾಡಿ ಹೇಳಿದ್ದು ಅವಳೇ ಎಂದು ತೀರ್ಮಾನಿಸಿ ಅಂದಿನಿಂದ ಮಾತು ಬಿಟ್ಟಿದ್ದಳು. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ, ನಿನ್ನ ಹೊಟ್ಟೆ ತಣ್ಣಗಾಯಿತಾ ಎಂದು ಕೇಳುವ ಹಾಗೆ ಗೊಣಗುತ್ತಿದ್ದಳು. ಇವನು ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡುತ್ತಿದ್ದ. ಒಂದು ಸಲವೂ, ಬಿಡೇ, ಅವಳಲ್ಲ ಎನ್ನಲಿಲ್ಲ.

“ಹಾಗಿದ್ರೆ ಕಾನೂನು ಬದಲಾಗೋದು ನಿಮಗೇ ಒಳ್ಳೇದಲ್ವಾ?” ಎಂದರು ಸಂಸದರು. “ಮಗ ಹೊರಗೆ ಬರ್ತಾನೆ.”

“ಅವನು ಬರ್ತಾನೆ ಸರ್. ನಾನೆಲ್ಲಿಗೆ ಹೋಗ್ಲಿ?” ಕಂಡಕ್ಟರನ ದನಿ ಈಗ ಮೇಜಿನ ಆಚೆಗೂ ಸರಿಯಾಗಿ ಮುಟ್ಟುತ್ತಿರಲಿಲ್ಲ. “ತಪ್ಪು ಮಾಡಿದ ಮಗನ್ನ ಹಿಡಿದುಕೊಟ್ಟೆ, ಅಪ್ಪನಾದವನು ಮಾಡಬೇಕಾದ್ದೇ ಮಾಡಿದೆ ಅಂತ ಹೇಳ್ಕೊಂಡು ಇಷ್ಟು ದಿನ ಹೇಗೋ ಅನ್ನ ನುಂಗಿದೀನಿ. ನೀವೆಲ್ಲ ಸೇರಿ ಅದು ಅಪರಾಧನೇ ಅಲ್ಲ ಅಂದುಬಿಟ್ರೆ, ನಾನು ಏನು ಮಾಡಿದ ಹಾಗಾಯ್ತು?”

ಸಂಸದರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಬಾಗಿಲ ಬಳಿ ನಿಂತಿದ್ದ ಸಹಾಯಕ, ಪರ ಅಂತ ಬರೆದುಕೊಳ್ಳುವುದೋ ವಿರೋಧ ಅಂತಲೋ ಎಂದು ಮೆಲ್ಲಗೆ ಕೇಳಿದ.

“ಒಂದೇ ಮನೆಯವರು,” ಎಂದರು ಸಂಸದರು, ಸಿಡುಕಿನಿಂದೇನಲ್ಲ. “ಮೊದಲು ಮನೇಲಿ ಕೂತು ಮಾತಾಡ್ಕೊಂಡು ಬನ್ನಿ. ಆಮೇಲೆ ಬರೆದುಕೊಂಡರಾಯ್ತು.”

ಅವಳು ಎದ್ದು ನಿಂತಳು. ಬೇಕು ಸರ್, ನಮಗೆ ಅದು ಬೇಕು ಎನ್ನಲು ಬಾಯಿ ತೆರೆದಳು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಅದು ಬಿಡಿಸಿಕೊಳ್ಳುವಷ್ಟರಲ್ಲಿ ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತು, ತಮ್ಮ ಬೀದಿಯ ಚರಂಡಿಯ ವಿಷಯ ಶುರುಮಾಡಿದ್ದರು.

ಬಸ್ ಸ್ಟಾಪಿನ ಬೆಂಚಿನಲ್ಲಿ ಇಬ್ಬರೂ ಕೂತರು. ಮಧ್ಯೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಅವಳಿಗೆ ಈಗ ಜೈಲಿನ ಭೇಟಿಯ ಕೋಣೆ ಕಣ್ಣ ಮುಂದೆ ಬಂತು. ಹೋದಾಗಲೆಲ್ಲ ಮಗ ಜಾಲರಿಗೆ ಬಾಯಿ ಹಚ್ಚಿ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು. “ಅಪ್ಪನಿಗೆ ಹೇಳಮ್ಮ, ನನಗೇನೂ ಕೋಪ ಇಲ್ಲ ಅಂತ. ಬೇಜಾರು ಮಾಡ್ಕೋಬೇಡಿ ಅಂತ ಹೇಳು.” ಒಂದು ದಿನವೂ ಮಗನ ಮುಖ ನೋಡಲು ಬಾರದ ಅಪ್ಪನ ಮೇಲೆ ಕೋಪವಿಲ್ಲವಂತೆ ಎಂದು ಅವಳಿಗೆ ಉರಿದುಹೋಗುತ್ತಿತ್ತು. ಬೇಕಾದರೆ ಇವನೇ ಬಂದು ಕೇಳಿಸಿಕೊಳ್ಳಲಿ ಎಂದುಕೊಂಡು, ಆ ಮಾತನ್ನು ಜೈಲಿನ ಗೇಟಿನಲ್ಲೇ ಬಿಟ್ಟು ಬರುತ್ತಿದ್ದಳು. ಮಗನಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ತನಗೊಬ್ಬಳಿಗೇ.

“ಇವಳೇ,” ಎಂದ ಕಂಡಕ್ಟರ್. ಬಹಳ ದಿನಗಳ ನಂತರ ಹಾಗೆ ಕರೆದಿದ್ದ. “ನೀನು ಹೋದಾಗ ಅವನು ನನ್ನ ಬಗ್ಗೆ ಏನಾದ್ರೂ ಹೇಳ್ತಾನಾ?”

ಮಗನ ಮಾತು, ಅವನು ಹೇಳಿದ ಹಾಗೆಯೇ, ಅವಳ ಬಾಯಿಯವರೆಗೆ ಬಂತು. ಗಂಡ ಅವಳ ಮುಖವನ್ನೇ ನೋಡುತ್ತಿದ್ದ. ಈ ಸಲ ಅವಳ ನಾಲಗೆ ಒಣಗಲಿಲ್ಲ.

“ಇಲ್ಲ,” ಎಂದಳು.