ಲೇತಮ್ಮನ ಟೈಟಾನಿಯಂ

ತಕ್ಕಡಿಯ ಒಂದು ತಟ್ಟೆಯಲ್ಲಿ ರೈಫಲ್ಲಿನ ಹಳೆಯ ಉಕ್ಕಿನ ಮೌಂಟು, ಇನ್ನೊಂದರಲ್ಲಿ ಲೇತಮ್ಮ ಆಗಷ್ಟೇ ಕಡೆದು ಮುಗಿಸಿದ ಟೈಟಾನಿಯಂ ಮೌಂಟು. ತಕ್ಕಡಿ ಅತ್ತಲೂ ವಾಲಲಿಲ್ಲ, ಇತ್ತಲೂ ವಾಲಲಿಲ್ಲ. ಲೇತಮ್ಮ ತಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿದಳು. ಅದು ಒಂದಿಷ್ಟು ಓಲಾಡಿ ಮತ್ತೆ ಸಮಕ್ಕೇ ಬಂದು ನಿಂತಿತು. ಎದುರಿಗಿದ್ದ ಸೊಸೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಆದರೂ ನಗು ಬೆರಳ ಸಂದಿಯಿಂದ ಸೋರಿತು.

"ನಗು, ನಗು. ತಕ್ಕಡಿ ತುಕ್ಕು ಹಿಡಿದಿದೆ, ಅಷ್ಟೇ."

"ತಕ್ಕಡಿ ಸರಿಯಾಗೇ ಇದೆ ಅತ್ತೆ. ನಿಮ್ಮ ಹೊಸ ಮೌಂಟು ಹಳೇದಕ್ಕಿಂತ ಹತ್ತತ್ರ ಎರಡರಷ್ಟು ದಪ್ಪ ಇದೆ."

ಲೇತ್ ಮೆಷೀನಿನಲ್ಲಿ ಕಬ್ಬಿಣವನ್ನು ಬೆಣ್ಣೆಯ ಹಾಗೆ ಕಡೆಯುವ ಹೆಂಗಸೆಂದು ಓಣಿಯವರು ಅವಳಿಗೆ ಲೇತಮ್ಮ ಎಂದು ಹೆಸರಿಟ್ಟಿದ್ದರು. ಸೊಸೆಯದು ರೈಫಲ್ ಹಿಡಿದು ಗುರಿ ಹೊಡೆಯುವ ಆಟ. ಎಡಭುಜದ ಆಪರೇಷನ್ ಆದ ಮೇಲೆ ಸ್ಪರ್ಧೆ ಅರ್ಧ ಮುಗಿಯುವಷ್ಟರಲ್ಲಿ ಆ ಕೈ ನಡುಗಿ ಕೆಳಗಿಳಿಯುತ್ತಿತ್ತು. ರೈಫಲ್ಲಿನ ಮರದ ಹಿಡಿಯನ್ನು ಕೊರೆದು ಹಗುರ ಮಾಡಿದ್ದಾಯಿತು, ಹೆಗಲಿಗೆ ಹಾಕುವ ಪಟ್ಟಿ ಬಿಚ್ಚಿದ್ದಾಯಿತು. ಉಳಿದದ್ದು ಗುರಿ ನೋಡುವ ದುರ್ಬೀನನ್ನು, ಅಂದರೆ ಸ್ಕೋಪನ್ನು, ರೈಫಲ್ಲಿನ ನೆತ್ತಿಯ ಮೇಲೆ ಹಿಡಿದಿಡುವ ಈ ಮೌಂಟು ಮಾತ್ರ. ಈ ಸಲವೂ ಕೈ ಇಳಿದರೆ ರೈಫಲ್ಲನ್ನು ಕ್ಲಬ್ಬಿಗೆ ಕೊಟ್ಟು ಸುಮ್ಮನಿರುತ್ತೇನೆ ಎಂದಿದ್ದಳು ಸೊಸೆ. ನಗುನಗುತ್ತಲೇ ಹೇಳಿದ್ದಳು. ಲೇತಮ್ಮನಿಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಹಾಗೆಂದು ಟೈಟಾನಿಯಂ ಮೇಲೆ ಅವಳಿಗೇನೂ ಪ್ರೀತಿ ಹುಟ್ಟಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮೊದಲ ದಿನವೇ ಅದನ್ನು ಪಕ್ಕಕ್ಕೆ ಸರಿಸಿದ್ದಳು. ಉಕ್ಕಾದರೆ ಕೈಗೆ ತೂಕವಾಗಿ ಸಿಗುತ್ತದೆ, ಇದ್ದೇನೆ ಅನ್ನುತ್ತದೆ. ಇದೋ, ಎತ್ತಿದರೆ ಖಾಲಿ ಡಬ್ಬಿ. ಸ್ವಲ್ಪ ವೇಗವಾಗಿ ಕಡೆದರೆ ಟೂಲಿನ ಮೂತಿಯನ್ನೇ ಸುಟ್ಟುಹಾಕುತ್ತದೆ.

"ಹಗುರ ಆಗ್ಲಿ ಅಂತ ತಾನೆ ಇದನ್ನ ತಂದಿದ್ದು? ಇಷ್ಟು ದಪ್ಪ ಮಾಡೋದಾದ್ರೆ ಉಕ್ಕು ಏನು ತಪ್ಪು ಮಾಡಿತ್ತು ಅತ್ತೆ?"

"ತೆಳ್ಳಗೆ ಮಾಡಿ, ಗುಂಡು ಹಾರಿದಾಗ ಅದು ಸೀಳಿ, ಸ್ಕೋಪು ಬಂದು ನಿನ್ನ ಕಣ್ಣಿಗೆ ಬಡೀಲಿ. ಆಮೇಲೆ ನಿನ್ನ ಗಂಡ ನನ್ನ ಸುಮ್ನೆ ಬಿಡ್ತಾನಾ?"

"ಅವರು ನಿಮ್ಮ ಮಗ."

"ಅದಕ್ಕೇ ಹೇಳ್ತಿರೋದು. ಅವನಿಗೆ ಬಂದಿರೋ ಬಾಯಿ ನಂದೇ."

ಸೊಸೆ ಮೌಂಟು ತನಗೆ ಎಷ್ಟು ತೆಳ್ಳಗೆ ಬೇಕೋ ಅಷ್ಟೇ ದಪ್ಪದ ಟೈಟಾನಿಯಂ ಪಟ್ಟಿಯೊಂದನ್ನು ಹುಡುಕಿ ತಂದು ಮೇಜಿನ ಮೇಲಿನ ವೈಸಿನ ಇಕ್ಕಳಕ್ಕೆ ಬಿಗಿದಳು, ಸುತ್ತಿಗೆಯನ್ನು ಅತ್ತೆಯ ಕೈಗಿತ್ತಳು. ಲೇತಮ್ಮ ಇದಕ್ಕೇ ಕಾದಿದ್ದವಳಂತೆ ಬೀಸಿ ಹೊಡೆದಳು. ಪಟ್ಟಿ ಬಾಗಿತು, ತಿರುಗಿ ನೆಟ್ಟಗಾಯಿತು. ಇನ್ನೊಂದು ಏಟು ಬಿತ್ತು, ಮತ್ತೊಂದು ಬಿತ್ತು. ಲೇತಮ್ಮನ ಹಣೆಯಲ್ಲಿ ಬೆವರಿಳಿಯಿತು, ಪಟ್ಟಿಯಲ್ಲಿ ಒಂದು ಬಿರುಕಿಲ್ಲ. ಅವಳು ಸುತ್ತಿಗೆ ಕೆಳಗಿಟ್ಟು ಪಟ್ಟಿಯನ್ನೂ ಸೊಸೆಯನ್ನೂ ಒಮ್ಮೆ ನೋಡಿದಳು.

"ಇದೂ ನಿನ್ನ ಹಾಗೇ ಇದೆ ಕಣೇ. ನೋಡೋಕೆ ಕಡ್ಡಿ, ಏನು ಮಾಡಿದ್ರೂ ಜಗ್ಗೋದಿಲ್ಲ."

ಮೌಂಟು ಮತ್ತೆ ಮೆಷೀನಿಗೆ ಏರಿತು. ಬಿಸಿ ತಣಿಸುವ ಕೂಲಂಟನ್ನು ಧಾರಾಕಾರ ಹರಿಸುತ್ತ, ನಿಧಾನವಾಗಿ, ಎಳೆಎಳೆಯಾಗಿ ಲೇತಮ್ಮ ತನ್ನ ಭಯವನ್ನೇ ಹೆರೆದು ತೆಗೆದಳು. ಈ ಸಲ ತೂಗಿದಾಗ ಉಕ್ಕಿನ ತಟ್ಟೆ ದಡಕ್ಕನೆ ಕೆಳಗಿಳಿಯಿತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನಕ್ಕ ಸದ್ದಿಗೆ ಮಗ ಒಳಗಿನಿಂದ ಎದ್ದು ಬಂದ. ನಗುವ ಕಾರಣ ಕೇಳಿದರೆ ಇಬ್ಬರೂ ಅವನನ್ನೇ ನೋಡಿ ಇನ್ನಷ್ಟು ನಕ್ಕರು.

ಸ್ಪರ್ಧೆಯ ದಿನ ಲೇತಮ್ಮ ಶೂಟಿಂಗ್ ರೇಂಜಿನ ಗಾಜಿನ ಗೋಡೆಗೆ ಮೂಗು ಒತ್ತಿ ನಿಂತಿದ್ದಳು. ಪಕ್ಕದವರೆಲ್ಲ ಗುರಿಹಲಗೆಯ ಕಡೆ ನೋಡುತ್ತಿದ್ದರೆ ಅವಳ ಕಣ್ಣು ಮೌಂಟಿನ ಮೇಲೆ. ಅರ್ಧ ಕಳೆಯುತ್ತಿದ್ದಂತೆ ಕಣ್ಣು ಅಲ್ಲಿಂದ ಜಾರಿ ಸೊಸೆಯ ಎಡಗೈಗೆ ಬಂತು. ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು ಅವಳು ಉಸಿರು ಬಿಗಿಹಿಡಿದಳು. ಕೈ ಇಳಿಯಲಿಲ್ಲ. ಕೊನೆಯ ಗುಂಡು ಹಾರಿತು. ಎಲ್ಲರೂ ರೈಫಲ್ ಖಾಲಿ ಮಾಡಿ ಬೆಂಚಿನ ಮೇಲೆ ಮಲಗಿಸಿದರು, ಬಾಗಿಲು ತೆರೆಯಿತು. ಲೇತಮ್ಮ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದಳು.

"ಮೌಂಟು ಒಂದು ಕೂದಲೆಳೆ ಅಲುಗಲಿಲ್ಲ ಅತ್ತೆ. ನೀವೇ ಮುಟ್ಟಿ ನೋಡಿ."

"ಮೌಂಟು ಹಾಳಾಗ್ಲಿ. ನೀನು ಎಡಗೈ ಎತ್ತು."

"ಯಾಕೆ?"

"ಎತ್ತು ಅಂದ್ರೆ ಎತ್ತು."

ಸೊಸೆ ಎತ್ತಿದಳು. ಕೈ ಭುಜದ ಮಟ್ಟ ದಾಟಿತು, ಕಿವಿಯ ಪಕ್ಕಕ್ಕೆ ಬಂತು, ಅಲ್ಲಿಂದಲೂ ಮೇಲೆ ಹೋಗಿ ನೆಟ್ಟಗೆ ನಿಂತಿತು. ಲೇತಮ್ಮ ತಲೆಯೆತ್ತಿ ನೋಡುತ್ತಲೇ ಇದ್ದಳು. ಅವಳ ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೆ ಅಗಲವಾಗಿತ್ತು.

"ಈಗ ಇಳಿಸ್ಲಾ ಅತ್ತೆ?"

"ಇರು, ನಾನಿನ್ನೂ ನೋಡ್ತಾ ಇದ್ದೀನಿ."

ಗಾಜಿನಾಚೆ ಕೂತಿದ್ದವರು ಎತ್ತಿದ ಕೈ ನೋಡಿ ಸೊಸೆಯೇ ಗೆದ್ದಳೆಂದುಕೊಂಡು ಎದ್ದು ನಿಂತು ಚಪ್ಪಾಳೆ ಹೊಡೆದರು. ಅಂಕ ಎಣಿಸಲು ಗುರಿಯ ಕಾಗದಗಳನ್ನು ಇನ್ನೂ ಯಾರೂ ಬಿಚ್ಚಿ ತಂದಿರಲಿಲ್ಲ.