ಕಿವಿ ಚುರುಕಿನವನು

ತಗಡಿನ ಟ್ರಂಕು ಬಡಿದು ಬಡಿದು ಕಾರ್ಖಾನೆಯವರ ಕಿವಿಗಳೆಲ್ಲ ಮಂದವಾಗಿದ್ದವು. ಬಣ್ಣ ಬಳಿಯುವ ಕೊಟ್ರೇಶಿಯದು ಮಾತ್ರ ಚುರುಕು. ಅದಕ್ಕೇ ಸಾಹುಕಾರರು ಅವನನ್ನು ಗುಟ್ಟಾಗಿ ಕರೆದರು.

“ಸಂಜೆ ಅದೇನೋ ಸಂಘ ಕಟ್ತಾರಂತೆ. ಹೋಗಿ ಕೂತ್ಕೊ. ಲೀಡರ್ ಯಾರು ಅಂತ ನಂಗೆ ಬಂದು ಹೇಳು.”

ಸಭೆಯಲ್ಲಿ ಒಬ್ಬರು ಅಂದದ್ದು ಇನ್ನೊಬ್ಬರಿಗೆ ಕೇಳಿಸದೆ ಜಗಳವೇ ಹತ್ತಿಕೊಂಡಿತು. ಹೀಗಾದರೆ ಸಾಹುಕಾರರಿಗೆ ಹೇಳುವುದಾದರೂ ಏನನ್ನು? ಕೊಟ್ರೇಶಿ ತಡೆಯಲಾರದೆ ಎದ್ದ. ಒಬ್ಬೊಬ್ಬರ ಮಾತಿಗೂ ಕಿವಿಗೊಟ್ಟು, ಅದನ್ನೇ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ.

“ಇಷ್ಟು ವರ್ಷದಲ್ಲಿ ನಮ್ಮ ಮಾತು ಕೇಳಿಸ್ಕೊಂಡೋನು ಇವನೊಬ್ಬನೇ ಕಣ್ರಪ್ಪಾ!” ಅಂದ ಮುದುಕ ಮೇಸ್ತ್ರಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೆಳಿಗ್ಗೆ ಸಾಹುಕಾರರು ಪಿಸುಗುಟ್ಟಿದರು, “ಲೀಡರ್ ಯಾರೋ?”

ಕೊಟ್ರೇಶಿ ತಲೆ ಕೆರೆದುಕೊಂಡ. “ನಾನೇ, ಸಾಹುಕಾರ್ರೇ.”